ಮಾಮಾ ನಿಲ್ಲುವ ಜಾಗ

ಮೊಳೆ ಕಿತ್ತರೆ ಗೋಡೆಯ ಗಾರೆ ಉದುರುತ್ತದೆ, ಬಿಟ್ಟರೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂದು ಯೋಚಿಸುತ್ತ ಪ್ರಾಜಕ್ತಾ ಸ್ಟೂಲಿನ ಮೇಲೆ ನಿಂತೇ ಇದ್ದಳು. ತೀರಿಹೋದ ಅವ್ವನ ಫೋಟೋ ಇದ್ದಷ್ಟು ಜಾಗದಲ್ಲಿ ಗೋಡೆಯ ಹಸಿರು ಇನ್ನೂ ಹೊಸದಾಗಿಯೇ ಇತ್ತು. ಸುತ್ತಲಿನದೆಲ್ಲ ಹೊಗೆ ಕುಡಿದು ಮಾಸಿತ್ತು. ಹೀಗಾಗಿ ಗೋಡೆಯಿಂದ ಇಳಿದ ಮೇಲೆ ಅವ್ವ ಮೊದಲಿಗಿಂತ ಹೆಚ್ಚು ಕಾಣಿಸುತ್ತಿದ್ದಳು. ಸೋಲಾಪುರದ ಚಾದರದ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಅದೇ ಮೊಳೆಗೆ ತೂಗುಹಾಕಿ, ಇಳಿದು, ಬಾಗಿಲ ತನಕ ಹೋಗಿ, ಈಗಷ್ಟೇ ಮನೆಗೆ ಬಂದ ಪರಕೀಯಳ ಹಾಗೆ ತಿರುಗಿ ನೋಡಿದಳು. ಕ್ಯಾಲೆಂಡರು ಸಾಲದು. ಅದರ ಎರಡೂ ಬದಿಗೆ ಹಸಿರು ಇಣುಕುತ್ತಿತ್ತು, ಬಾಗಿಲ ಮರೆಯಲ್ಲಿ ನಿಂತು ಮಾತು ಕೇಳಿಸಿಕೊಳ್ಳುವ ಹೆಂಗಸಿನ ಸೀರೆಯಂಚಿನ ಹಾಗೆ.

"ಎಷ್ಟ ಹೊತ್ತ ನೋಡ್ತಿ ಅದನ್ನ? ನೀ ನೋಡಿದಷ್ಟೂ ಗ್ವಾಡಿಗೆ ಸೊಕ್ಕ ಬರ್ತದ," ಎಂದಳು ಗುರುಬಾಯಿ, ಮೊರದಿಂದ ಕಣ್ಣೆತ್ತದೆ.

ಗುರುಬಾಯಿ ಹೊಸ್ತಿಲ ಹತ್ತಿರ ಕಾಲು ಚಾಚಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪ್ರಾಜಕ್ತಾಳ ತಾಯಿಯ ತಾಯಿ. ಹೋದ ವರ್ಷದಿಂದ ಅತ್ತೆಯೂ ಹೌದು. ಅವಳಿಗೆ ಇಬ್ಬರೇ ಮಕ್ಕಳು, ಹಿರಿಯಳು ರೇವಮ್ಮ, ಬಹಳ ವರ್ಷಗಳ ಅಂತರದ ಮೇಲೆ ಗುರುಶಾಂತ. ರೇವಮ್ಮ ಕಾಮಾಲೆಯಾಗಿ ತೀರಿಕೊಂಡಾಗ ಪ್ರಾಜಕ್ತಾ ಇನ್ನೂ ಮೊಲೆಹಾಲು ಬಿಟ್ಟಿರಲಿಲ್ಲ. ಸಲಗರ ಬುದ್ರುಕದ ಅಪ್ಪ ಬೇರೆ ಮದುವೆ ಮಾಡಿಕೊಂಡ. ಕೂಸು ಕುರನೂರಿನ ಈ ಮನೆಗೆ, ಅಜ್ಜಿಯ ಮಗ್ಗುಲಿಗೆ ಬಂದಿತು. ಬೆಳೆದ ಮೇಲೆ ಆ ಕೂಸನ್ನೇ ಗುರುಶಾಂತನಿಗೆ ತಂದುಕೊಂಡರು. ಅಕ್ಕನ ಮಗಳನ್ನು ಮದುವೆಯಾಗುವುದು ಈ ಕಡೆ ಯಾರೂ ಎರಡನೇ ಸಲ ಕೇಳುವ ಸುದ್ದಿಯಲ್ಲ. ತೊಟ್ಟಿಲಿಗೆ ಹಾಕಿದ ದಿನವೇ ಹೆಂಗಸರು ಮಾಮಾನ ಹೆಸರು ಹಿಡಿದು ಚೇಷ್ಟೆ ಮಾಡುತ್ತಾರೆ. ಆದರೆ ಗುರುಶಾಂತ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಬಿಟ್ಟು, ನರ್ಸಿಂಗ್ ಮುಗಿಸಿ, ಜರ್ಮನಿಯ ಆಸ್ಪತ್ರೆಗೆ ಹೋದ ಮೇಲೆ, ಯಾವ ಸಂಬಂಧವನ್ನು ಇಡೀ ಊರು ಬಾಯಿತುಂಬ ಹೇಳುತ್ತಿತ್ತೋ ಅದನ್ನು ಮುಚ್ಚಿಡಬೇಕಾಗಿ ಬಂದಿತ್ತು. ಕಾಗದಗಳಲ್ಲಿ ಅದು ಎಲ್ಲೂ ಇರಲಿಲ್ಲ. ಊರಿನ ಬಾಯಲ್ಲಿತ್ತು, ಮತ್ತು ಈ ಗೋಡೆಯ ಮೇಲಿತ್ತು.

ಫೋಟೋವನ್ನು ಅಜ್ಜಿಯೇ ಇಳಿಸಿದ್ದಳು. ಬೆಳಿಗ್ಗೆ ಪ್ರಾಜಕ್ತಾ ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಚಹಾದ ಪಾತ್ರೆ ತಿಕ್ಕುತ್ತ ಕುಳಿತಿದ್ದಾಗ, ಗುರುಬಾಯಿ ಒಳಗಿನಿಂದ ಸ್ಟೂಲು ಎಳೆಯುವ ಸದ್ದು ಕೇಳಿಸಿತು. ಹೋಗಿ ನೋಡುವಷ್ಟರಲ್ಲಿ ಜೋಳದ ಡ್ರಮ್ಮಿನ ಮುಚ್ಚಳ ತೆಗೆದಾಗಿತ್ತು. ಹಳೆಯ ಸೀರೆಯ ತುಂಡೊಂದನ್ನು ಫೋಟೋದ ಮುಖಕ್ಕೆ ಸುತ್ತಿ, ಅದನ್ನು ಜೋಳದ ಮೇಲೆ ಅಂಗಾತ ಮಲಗಿಸಿ, ಅಜ್ಜಿ ಎರಡೂ ಬೊಗಸೆಯಿಂದ ಜೋಳ ಎಳೆದು ಮುಚ್ಚುತ್ತಿದ್ದಳು. ಆ ಕೈಗಳು ಮಾಡುತ್ತಿದ್ದ ಕೆಲಸವನ್ನು ಪ್ರಾಜಕ್ತಾ ಬೇರೆ ಕಡೆ ನೋಡಿದ್ದಳು, ಹೊಲದ ಬದುವಿನಲ್ಲಿ, ಸತ್ತವರನ್ನು ಹೂಳುವಾಗ, ಮಣ್ಣಿನೊಂದಿಗೆ. ಮುಂದೆ ಹೋಗಿ ತಡೆಯಲೂ ಇಲ್ಲ, ಕೈ ಜೋಡಿಸಲೂ ಇಲ್ಲ. ಮುಗಿದಾಗ ಮನಸ್ಸಿನಲ್ಲಿ ಮೂಡಿದ್ದು ಒಂದೇ ಮಾತು, ಸದ್ಯ ನಾನು ಹೇಳಬೇಕಾಗಿ ಬರಲಿಲ್ಲ. ಆ ಮಾತು ಮೂಡಿದ್ದಕ್ಕೆ ಈಗ, ಸೂರ್ಯ ನೆತ್ತಿಗೆ ಬಂದ ಮೇಲೂ, ನಾಲಿಗೆಯ ಮೇಲೆ ಪಾತ್ರೆಯ ಬೂದಿಯ ರುಚಿ ಉಳಿದಿತ್ತು.

ಇಷ್ಟಕ್ಕೆಲ್ಲ ಕಾರಣ ಸ್ವಪ್ನಿಲ. ಸೋಲಾಪುರದ ನವಿ ಪೇಠದ ಬಟ್ಟೆಯಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಪರದೇಶಕ್ಕೆ ಹೋಗುವವರ ಕಾಗದಗಳನ್ನು ಹೊಂದಿಸುವ ಅವನು, ಮದುವೆಯ ಕತೆಯನ್ನು ಅರ್ಧ ಕೇಳಿದವನೇ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. "ಸಖ್ಖಾ ಮಾಮಾ? ಸ್ವಂತ ಸ್ವಾದರಮಾವ? ಮೆಡಮ್, ಅಲ್ಲಿ ಇದಕ್ಕ ಮದುವಿ ಅನ್ನೂದಿಲ್ಲ, ಬ್ಯಾರೆ ಹೆಸರಿಂದ ಕರೀತಾರ. ವಿಸಾ ಹೋತು ಅಂತನ ತಿಳ್ಕೊರಿ." ಆಮೇಲೆ ಅವನೇ ದಾರಿ ತೋರಿಸಿದ. ಎರಡು ಬೇರೆ ಊರು, ಎರಡು ಬೇರೆ ಮನೆತನ, ಹಿರಿಯರು ನೋಡಿ ಮಾಡಿದ ಮದುವೆ. ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಹೋಗಿ ಅವನೆದುರು ಕುಳಿತು ಅವಳು ತಾಲೀಮು ಮಾಡಬೇಕಾಗಿತ್ತು. ಗಂಡನಿಗೆ ಯಾವ ಅಡುಗೆ ಇಷ್ಟ ಎಂದು ಕೇಳುತ್ತಿದ್ದ. ಶೇಂಗಾ ಹೋಳಿಗೆ, ಸಣ್ಣವನಿದ್ದಾಗ ಕದ್ದು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದ ಎಂದು ಅವಳು ನಗುತ್ತ ಹೇಳಿದರೆ ಸ್ವಪ್ನಿಲ ಸಿನಿಮಾದವರ ಹಾಗೆ ಕೈ ಎತ್ತುತ್ತಿದ್ದ. "ಕಟ್! ಸಣ್ಣಾಂವ ಇದ್ದಾಗಿಂದು ನಿಮಗ ಹೆಂಗ ಗೊತ್ತು? ನೀವ ಆ ಹೋಳಗಿ ಎಣಿಸಾಕ ಹೋಗಿದ್ರೇನ? ಹೊಸಾ ಹೆಂಡ್ತಿ ಇದ್ದಂಗ ಇರ್ರಿ, ಮೆಡಮ್. ಕಮ್ಮಿ ಗೊತ್ತಿರಬೇಕು." ಬೆಂಚಿನ ಮೇಲೆ ಕಾಯುತ್ತಿದ್ದ ಬೇರೆ ಹೆಣ್ಣುಮಕ್ಕಳು ಗಂಡನ ಹುಟ್ಟುಹಬ್ಬ, ಚಪ್ಪಲಿಯ ಸೈಜು, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಾನೆ ಎಂಬುದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದರು. ಪ್ರಾಜಕ್ತಾ ಒಬ್ಬಳೇ ಗೊತ್ತಿದ್ದನ್ನು ಮರೆಯಲು ಕಲಿಯುತ್ತಿದ್ದಳು. ಅವನಿಗೆ ಕಪ್ಪೆ ಕಂಡರೆ ಭಯ. ಕಟ್. ಅವನ ಮೊಣಕಾಲಿನ ಗಾಯ ಬೇವಿನ ಗಿಡದಿಂದ ಬಿದ್ದದ್ದು. ಕಟ್. ಅವಳ ಕಿವಿ ಚುಚ್ಚಿಸುವಾಗ, ಸೋದರಮಾವನ ತೊಡೆಯ ಮೇಲೇ ಕೂಡಿಸಬೇಕೆಂದು ಅವನ ತೊಡೆಯ ಮೇಲೆ ಕೂಡಿಸಿದ್ದರು; ಸೂಜಿ ಕಂಡು ಅವಳಿಗಿಂತ ಮೊದಲು ಅವನೇ ಅತ್ತಿದ್ದ. ಇದನ್ನು ಅವಳು ಸ್ವಪ್ನಿಲನಿಗೆ ಹೇಳಲೇ ಇಲ್ಲ. ಮದುವೆಯಾದ ಹೊಸತರಲ್ಲಿ, ಕತ್ತಲೆಯಲ್ಲಿ, ಅವನು ಕಿವಿಯ ಹತ್ತಿರ ಮುಖ ತಂದಾಗಲೆಲ್ಲ ಅವಳಿಗೆ ಆ ಅಳು ಕೇಳಿಸುತ್ತಿತ್ತು. ಅದನ್ನಂತೂ ಅವಳು ಯಾರಿಗೂ ಹೇಳಲಾರಳು.

ಮುಂಬೈಯ ಜರ್ಮನ್ ಕಚೇರಿಯಲ್ಲಿ ವಿಸಾ ಕಿಟಕಿಯ ಮುಂದೆ ನಿಂತಾಗ ಆಕೆಗೆ ಅಜ್ಜಿಯ ಅಂಬಿಗನ ಕತೆ ನೆನಪಾಗಿತ್ತು. ಬೋರಿ ಹೊಳೆಗೆ ಕಟ್ಟೆ ಕಟ್ಟುವ ಮೊದಲು ಅಲ್ಲೊಬ್ಬ ಅಂಬಿಗನಿದ್ದನಂತೆ. ದಾಟಿಸುವುದಕ್ಕೆ ದುಡ್ಡು ಕೇಳುತ್ತಿರಲಿಲ್ಲ, ಹೆಸರು ಕೇಳುತ್ತಿದ್ದ. ಗಂಡನ ಮನೆಗೆ ಹೊರಟ ಹುಡುಗಿ ಮೊದಲು ತನ್ನ ಆಡಿನ ಹೆಸರು ಕೊಟ್ಟಳು, ಆಡು ಮರೆತುಹೋಯಿತು. ಗೆಳತಿಯ ಹೆಸರು ಕೊಟ್ಟಳು, ಗೆಳತಿ ಮರೆತುಹೋದಳು. ನಡುಹೊಳೆಯಲ್ಲಿ ದೋಣಿ ಹೊಯ್ದಾಡಿತು, ಅಂಬಿಗ ಇನ್ನೊಂದು ಕೇಳಿದ. ಕತೆ ಅಲ್ಲಿಗೆ ಬರುವಷ್ಟರಲ್ಲಿ ಪ್ರಾಜಕ್ತಾಳಿಗೆ ನಿದ್ದೆ. ಕತೆ ಕೇಳುವವರು ಪ್ರತಿ ಮಾತಿಗೂ ಹೂಂ ಅನ್ನಬೇಕು ಎಂಬುದು ಗುರುಬಾಯಿಯ ಕಟ್ಟಳೆ. ಹೂಂ ನಿಂತಿತೋ ಕತೆಯೂ ನಿಂತಿತು. "ನೀ ಹೂಂ ಅನ್ನದ ಆ ಹುಡುಗಿ ಇನ್ನೂ ನೀರಾಗ ಕುಂತಾಳ, ಖೋಡಿ," ಎಂದು ಬೆಳಿಗ್ಗೆ ಬೈಯುತ್ತಿದ್ದಳು.

ಕಿಟಕಿಯ ಆಚೆ ಗಾಜಿನ ಹಿಂದೆ ಬಿಳಿಯ ಅಧಿಕಾರಿ, ಪಕ್ಕದಲ್ಲಿ ಅವನ ಮಾತನ್ನು ಮರಾಠಿಗೆ ತಿರುಗಿಸಿ ಹೇಳುವ ನಮ್ಮವಳೇ ಒಬ್ಬ ಹೆಂಗಸು, ಕಿವಿಯಲ್ಲಿ ಮುತ್ತು. ಗಂಡ ಎಲ್ಲಿ ಕೆಲಸ ಮಾಡುತ್ತಾನೆ, ಮದುವೆ ಎಲ್ಲಾಯಿತು, ಊಟಕ್ಕೆ ಏನು ಮಾಡಿಸಿದ್ದರು. ಎಲ್ಲಕ್ಕೂ ಪ್ರಾಜಕ್ತಾ ಹೊಸ ಹೆಂಡತಿಯ ಹಾಗೆ ಕಡಿಮೆಯಾಗಿ, ಸರಿಯಾಗಿ ಉತ್ತರಿಸಿದಳು. ಆಮೇಲೆ ಅಧಿಕಾರಿ ಒಂದು ಫೋಟೋ ಎತ್ತಿ ಹೆಂಗಸಿಗೆ ತೋರಿಸಿದ. ಸ್ವಪ್ನಿಲನೇ ಆರಿಸಿದ್ದು; ಎಲ್ಲಾರೂ ನಗಾಕತ್ತಾರ, ಖುಷಿ ಕಾಣ್ತದ ಎಂದಿದ್ದ. ಅಕ್ಕಲಕೋಟೆಯ ಮಂಗಲ ಕಾರ್ಯಾಲಯ. ಅಕ್ಕಿಕಾಳು ಬೀಳುವ ಮೊದಲಿನ ಗಳಿಗೆ. ಇಡೀ ಮಂಟಪ ಬಾಯಿ ತೆರೆದು ನಗುತ್ತಿದೆ. ಆ ನಗೆ ಯಾವುದೆಂದು ಅವಳಿಗೆ ಅಲ್ಲಿಯೇ ಕೇಳಿಸಿತು. ಶಾಸ್ತ್ರದವರು, "ಮಾಮಾ ಎಲ್ಲಿ, ಮಾಮಾನ್ನ ಕರೀರಿ, ಹುಡುಗಿ ಹಿಂದ ನಿಲ್ಲಬೇಕು," ಎಂದು ಕೂಗಿದಾಗ, ದಾಯಾದಿ ಬಸಣ್ಣ ಹಿಂದಿನಿಂದ ಗಟ್ಟಿಯಾಗಿ, "ಮಾಮಾ ಬಾಸಿಂಗ ಕಟ್ಕೊಂಡ ಮುಂದ ನಿಂತಾನ್ರಿ! ಹಿಂದ ಯಾರನ್ನ ನಿಲ್ಲಿಸೂನು?" ಅಂದಿದ್ದ. ಗುರುಶಾಂತನೂ ನಕ್ಕಿದ್ದ. ತಾನು ನಕ್ಕಿದ್ದೆನೋ ಇಲ್ಲವೋ ಎಂದು ಪ್ರಾಜಕ್ತಾ ಗಾಜಿಗೆ ಹಣೆ ತಾಗುವಷ್ಟು ಬಾಗಿ ನೋಡಿದಳು. ಮುಖ ಅಕ್ಕಿಕಾಳಿನ ತಟ್ಟೆಯ ಹಿಂದಿತ್ತು. ಅವಳ ಬೆನ್ನ ಹಿಂದಿನ ಜಾಗ ಖಾಲಿ ಇತ್ತು.

ಮುತ್ತಿನ ಓಲೆಯ ಹೆಂಗಸು ಅಧಿಕಾರಿ ಹೇಳಿಕೊಡದಿದ್ದ ಪ್ರಶ್ನೆಯನ್ನು ತಾನೇ ಕೇಳಿದಳು. ಹುಡುಗಿಯ ಹಿಂದೆ ಮಾಮಾ ನಿಲ್ಲಬೇಕಲ್ಲ, ನಿಮ್ಮ ಮಾಮಾ ಎಲ್ಲಿ? ದನಿಯಲ್ಲಿ ಸಂಶಯವಿರಲಿಲ್ಲ, ಮದುವೆಯ ಫೋಟೋ ಕಂಡರೆ ಯಾವ ಹೆಂಗಸಾದರೂ ಕೇಳುವ ಹಾಗೆ ಕೇಳಿದ್ದಳು. ಸ್ವಪ್ನಿಲ ಕಲಿಸಿಕೊಟ್ಟ ಉತ್ತರಗಳಲ್ಲಿ ಇದು ಇರಲಿಲ್ಲ. "ಮಾಮಾ ಇಲ್ಲ," ಎಂದಳು ಪ್ರಾಜಕ್ತಾ. "ನಮ್ಮ ತಾಯಿಗೆ ಅಣ್ಣತಮ್ಮಂದಿರು ಯಾರೂ ಇಲ್ಲ." ಹೆಂಗಸು "ಅಸಂ ಕಾ", ಹಾಗೋ, ಎಂದು ಅನುಕಂಪದಿಂದ ತಲೆದೂಗಿ ಅದನ್ನು ಅಧಿಕಾರಿಗೆ ಹೇಳಿದಳು, ಅವನು ಬರೆದುಕೊಂಡ. ಹೆದರಿಕೆಯಾಗಬೇಕಿತ್ತು. ಆಗಿದ್ದು ಬೇರೆ. ಹೊರಗೆ ಬಂದು, ಯಾರ ಗುರುತೂ ಇಲ್ಲದ ಆ ದೊಡ್ಡ ರಸ್ತೆಯ ಬದಿಗೆ ನಿಂತಾಗ, ಮೈ ಹಗುರವಾಗಿತ್ತು. ಮಾಮಾ ಇಲ್ಲ. ಕಿವಿ ಚುಚ್ಚುವಾಗ ಅತ್ತವನು ಇಲ್ಲ. ಇರುವುದು ಗುರುಶಾಂತ ಎಂಬ ಹೆಸರಿನ ಯಾರೋ ಒಬ್ಬ ಗಂಡಸು. ಅವನು ದೂರದ ಊರಿನ ಸ್ಟೇಶನ್ನಿನಲ್ಲಿ ಅವಳ ಪೆಟ್ಟಿಗೆ ಇಳಿಸಿಕೊಳ್ಳುತ್ತಾನೆ, ಅವಳನ್ನು ಮೊದಲ ಸಲ ನೋಡುತ್ತಾನೆ. ಹುಟ್ಟಿದಾಗಿನಿಂದ ತನ್ನನ್ನು ಬಲ್ಲವರು ಒಬ್ಬರೂ ಇಲ್ಲದ ಕೋಣೆಯೊಂದು ಅಲ್ಲಿದೆ. ಅದು ಬೇಕು. ಎಷ್ಟು ಬೇಕೆಂದರೆ, ಇಲ್ಲ ಎಂದದ್ದು ಸುಳ್ಳೆಂದು ಅವಳಿಗೆ ಆ ಗಳಿಗೆ ಅನಿಸಲೇ ಇಲ್ಲ. ತಮ್ಮನಿಲ್ಲದ ಅವ್ವ ಈ ಮನೆಯ ಮಗಳೂ ಆಗಿರಲಾರಳು ಎಂಬುದು ಹೊಳೆದದ್ದು, ಹೇಳಿದ ಮಾತು ನಿಜವೋ ಎಂದು ನೋಡಲು ಆ ಕಚೇರಿಯ ಕಡೆಯಿಂದ ಮನೆಗೇ ಒಬ್ಬರು ವಕೀಲರು ಬರುತ್ತಾರೆಂದು ಸ್ವಪ್ನಿಲ ಫೋನು ಮಾಡಿದಾಗ.

ಮುಂಜಾನೆ ಗುರುಶಾಂತನೂ ವಿಡಿಯೋದಲ್ಲಿ ಬಂದಿದ್ದ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ, ಕಣ್ಣ ಕೆಳಗೆ ಕಪ್ಪು.

"ಅವ್ವ ಏನಂದ್ಳು?" ಎಂದು ತನ್ನ ತಾಯಿಯ ಬಗ್ಗೆ ಕೇಳಿದ.

"ಏನೂ ಅನ್ನಲಿಲ್ಲ. ಫೋಟೋ ತಾನ ಇಳಿಸಿದ್ಳು."

ಅವನು ಬಾಗಿ ಬೂಟಿನ ದಾರ ಸಡಿಲಿಸಿದ. "ಅಕ್ಕಗ ತಿಳೀತದ ಬಿಡು," ಎಂದ, ಅಕ್ಕ ಪಕ್ಕದ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿರುವವಳ ಹಾಗೆ. "ಒಂದ ದಿನದ ಮಾತ. ಅವರ ಹೋದ ಮ್ಯಾಲ ಮತ್ತ ಹಾಕಿದ್ರಾತು." ಫೋನು ಇಟ್ಟ ಮೇಲೆ ಪ್ರಾಜಕ್ತಾಳಿಗೆ ಅನಿಸಿತು, ಅವನೂ ತನ್ನ ಹಾಗೆಯೇ ಹಗುರಾಗಿರಬಹುದೇ? ಕೇಳಬಹುದಾದ ಪ್ರಶ್ನೆಯಲ್ಲ.

ಮೋಟಾರ್ ಸೈಕಲ್ಲಿನ ಸದ್ದಿಗಿಂತ ಮೊದಲು ಎದುರು ಮನೆಯ ಹಿರಾಬಾಯಿಯ ದನಿ ಬಂತು. "ಗುರುಬಾಯಿ ವೈನೀ, ಬಂದಾರ ನೋಡ ನಿನ್ನ ಬೀಗರು! ನನ್ನ ಬಾಯಿಗಿ ಕೀಲಿ ಹಾಕೀನಿ, ಹೆದರಬ್ಯಾಡ. ಆದರ ಪಾರ್ಟಿ ಆಗಬೇಕು, ಬರೇ ಚಾದಾಗ ಮುಗಸೂದಲ್ಲ." ನಕ್ಕು ಒಳಗೆ ಹೋದಳು. ರೇವಮ್ಮನ ಹೆರಿಗೆಗೆ ನೀರು ಕಾಯಿಸಿದವಳು ಅವಳೇ.

ವಕೀಲ ಕೈಲಾಸ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ, ಹೆಲ್ಮೆಟನ್ನು ಕನ್ನಡಿಗೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ಕೋಟಿನ ದೊಡ್ಡ ಮನುಷ್ಯನನ್ನು ಎಣಿಸಿಕೊಂಡಿದ್ದ ಪ್ರಾಜಕ್ತಾಳಿಗೆ, ಬೆವರು ಒರೆಸಿಕೊಳ್ಳುತ್ತ "ನಮಸ್ಕಾರ್ರಿ ಆಯಿ, ಬಿಸಿಲ ಭಾಳ ಅದ," ಎನ್ನುವ ಈ ನಡುವಯಸ್ಸಿನವರನ್ನು ಕಂಡು ಹೆದರಿಕೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಪರಕೀಯನಿಗೆ ಸುಳ್ಳು ಹೇಳಬಹುದು. ಇವರ ಕಿವಿಯ ಹಾಲೆಯಲ್ಲಿಯೂ ಮಾಮಾನ ತೊಡೆಯ ಮೇಲೆ ಕುಳಿತು ಚುಚ್ಚಿಸಿಕೊಂಡ ತೂತಿನ ಗುರುತಿತ್ತು.

ಮನೆ, ಕೋಣೆ, ಮದುವೆಯ ಸೀರೆ, ಗುರುಶಾಂತನ ಅಂಗಿಗಳು, ಎಲ್ಲ ನೋಡಿದರು. ಆಮೇಲೆ ಅಜ್ಜಿಯ ಎದುರು ಚಾಪೆಯ ಮೇಲೆ ಕುಳಿತರು. "ಆಯಿ, ನಿಮಗ ಮಕ್ಕಳ ಎಷ್ಟ ಮಂದಿ?"

"ಒಬ್ಬಾಂವ."

"ಹೂಂ," ಎಂದರು ವಕೀಲರು, ಬರೆದುಕೊಳ್ಳುತ್ತ.

ಆ ಹೂಂ ಬಿದ್ದದ್ದೇ ಅಜ್ಜಿಯ ಬೆನ್ನು ನೆಟ್ಟಗಾದದ್ದನ್ನು ಪ್ರಾಜಕ್ತಾ ಕಂಡಳು. "ಹನ್ನೆರಡ ವರ್ಷ ಮಡಲಾಗ ಕೂಸ ಇರಲಿಲ್ರಿ. ಕಂಡ ಕಂಡ ದೇವರಿಗಿ ನಡಕೊಂಡೆ." "ಹೂಂ." "ಅಕ್ಕಲಕೋಟಿ ಆಲದ ಗಿಡಕ್ಕ ದಾರಾ ಸುತ್ತಿದೆ. ಸುತ್ತಿ ಸುತ್ತಿ ಕಾಲ ಬಾತ್ವು." "ಹೂಂ." "ಆವಾಗ ಬಂದ ನಮ್ಮ ಗುರುಶಾಂತ." ಒಂದು ಮಾತೂ ಸುಳ್ಳಲ್ಲ. ರೇವಮ್ಮ ಹುಟ್ಟಿದ ಮೇಲಿನ ಆ ಹನ್ನೆರಡು ವರ್ಷವೂ ನಿಜ, ಆಲದ ಮರವೂ ನಿಜ, ಬಾತ ಕಾಲೂ ನಿಜ. ಮರ ಸುತ್ತುವಾಗ ಅಜ್ಜಿಯ ಬೆರಳು ಹಿಡಿದು ಜೊತೆಗೆ ಸುತ್ತಿದ ಹುಡುಗಿಯೊಬ್ಬಳನ್ನು ಮಾತ್ರ, ನೇಯ್ಗೆಯಿಂದ ಒಂದು ಎಳೆ ಎಳೆದ ಹಾಗೆ, ಎಳೆದು ತೆಗೆದಿದ್ದಳು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಅಜ್ಜಿ ಇಷ್ಟು ಚೆನ್ನಾಗಿ ಕತೆ ಹೇಳುವುದನ್ನು ಪ್ರಾಜಕ್ತಾ ಬಹಳ ದಿನಗಳಿಂದ ಕೇಳಿರಲಿಲ್ಲ. ಕೇಳುವವರಿಗೆ ಬಿಡುವಿರಲಿಲ್ಲ, ಅವಳೇ ಸಂಜೆಯಾದರೆ ಕಿವಿಗೆ ಜರ್ಮನ್ ಪಾಠ ಸಿಕ್ಕಿಸಿಕೊಂಡು ಮಾಳಿಗೆ ಹತ್ತುತ್ತಿದ್ದಳು.

"ಹೆಣ್ಣಮಕ್ಕಳ?" ವಕೀಲರು ತಲೆ ಎತ್ತದೆ ಕೇಳಿದರು.

ಮೊರದ ಮೇಲಿನ ಕೈ ನಿಂತಿತು. "ಇಲ್ಲ," ಎಂದಳು ಗುರುಬಾಯಿ. ಅಷ್ಟು ಸಾಲದೆಂದು ಅವಳಿಗೇ ಅನಿಸಿರಬೇಕು. "ಹೆಣ್ಣ ಹುಟ್ಟಲೇ ಇಲ್ಲ ನನ್ನ ಹೊಟ್ಟ್ಯಾಗ."

"ಹೂಂ. ಸೊಸಿ ತಾಯಿ ತೀರ್ಕೊಂಡಾಳ ಅಲ್ಲ? ನೀವ ನೋಡಿದ್ರೇನ ಆಕಿನ್ನ?"

"ನಾ ಎಲ್ಲಿ ನೋಡ್ಬೇಕ್ರಿ. ಸಂಬಂಧ ಬೆಳಸೂಕಿಂತ ಭಾಳ ಮೊದಲ ಹೋಗಿದ್ಳಂತ." ಅಜ್ಜಿ ಬೇಳೆಯೊಳಗಿನ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. "ಹೆಂಗ ಇದ್ಳೋ ಏನೋ."

ಪ್ರಾಜಕ್ತಾ ಅಡುಗೆಮನೆಗೆ ಹೋದಳು. ಒಲೆಯ ಮೇಲಿನ ಚಹಾ ಉಕ್ಕಿ ಹರಿದು ಬೆಂಕಿಯನ್ನೇ ಆರಿಸಿತ್ತು. ಅದನ್ನು ನೋಡುತ್ತ ನಿಂತಳು. ಹೆಂಗ ಇದ್ಳೋ ಏನೋ. ರೇವಿ ನಕ್ಕರೆ ಒಂದೇ ಗಲ್ಲಕ್ಕೆ ಗುಳಿ ಬೀಳುತ್ತಿತ್ತು, ರೇವಿ ಎಡಗೈಯಿಂದ ಕುಡುಗೋಲು ಹಿಡಿಯುತ್ತಿದ್ದಳು, ರೇವಿಗೆ ಹುಣಿಸೆಹಣ್ಣು ಎಂದರೆ ಪ್ರಾಣ. ಅವ್ವನ ಬಗ್ಗೆ ತನಗೆ ಗೊತ್ತಿದ್ದುದೆಲ್ಲ ಈ ಬಾಯಿಯಿಂದ ಬಂದದ್ದು. ಬೇರೆ ಎಲ್ಲೂ ಅವಳಿಲ್ಲ. ಹಾಗಾದರೆ ಆ ಬಾಯಿಯೇ ಇಲ್ಲ ಅಂದ ಮೇಲೆ?

ಚಹಾ ತಂದಾಗ ವಕೀಲರು ಎದ್ದು ಗೋಡೆಯ ಹತ್ತಿರ ನಿಂತಿದ್ದರು. ರಿಪೋರ್ಟು ಕಳಿಸುವ ದಿನ ಯಾವ ವಾರ ಬೀಳುತ್ತದೆಂದು ನೋಡಲು ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಎತ್ತಿದ್ದರು. ಎತ್ತಿದ ಹಾಳೆಗಳ ಕೆಳಗೆ ಹಸಿರು ಚೌಕ ಪೂರ್ತಿಯಾಗಿ, ಗೋಡೆಯಲ್ಲಿ ತೆರೆದ ಬಾಗಿಲಿನ ಹಾಗೆ ಕಾಣುತ್ತಿತ್ತು. ವಕೀಲರು ಅದನ್ನು ನೋಡಿದರು. ಪ್ರಾಜಕ್ತಾ ಚಹಾದ ಕಪ್ಪನ್ನು ಅವರ ಮುಂದೆ ಚಾಚಿದಳು.

"ಕನ್ನಡಿ ಇತ್ರಿ ಅಲ್ಲಿ," ಎಂದಳು ಅಜ್ಜಿ ಹಿಂದಿನಿಂದ. "ಒಡೀತು."

"ಹೂಂ," ಎಂದರು ವಕೀಲರು.

ಚಹಾ ಕುಡಿಯುತ್ತ ಅವರು ಸಡಿಲಾದರು. ತಮ್ಮ ಕೆಲಸದ ಕತೆ ಹೇಳತೊಡಗಿದರು. ಜನ ಯಾಕೆ ಸುಮ್ಮನೆ ಸುಳ್ಳು ಹೇಳುತ್ತಾರೋ ತಿಳಿಯದು ಎಂದರು. "ಮೊನ್ನೆ ಒಂದ ಕಡಿ ಅಕ್ಕನ ಮಗಳನ್ನ ಮಾಡ್ಕೊಂಡಿದ್ರು, ಮುಚ್ಚಿಟ್ಟಿದ್ರು. ನಮ್ಮ ಕಡಿ ಅದು ಪದ್ಧತಿನ ಅದ ಅಲ್ರಿ? ನಮ್ಮವ್ವಂದೂ ಹಂಗ ಆಗೇದ. ಎಲ್ಲಾ ದೇಶಕ್ಕ ನಡಿಯೂದಿಲ್ಲ ಖರೆ, ಆದರ ಈ ಜರ್ಮನಿಯವರ ಕಾಯದಾದಾಗ ಅದಕ್ಕ ಅಡ್ಡಿ ಇಲ್ಲ. ಅಡ್ಡಿ ಇರೂದು ಸುಳ್ಳಿಗಿ. ಸುಳ್ಳ ಹೇಳ್ಯಾರ ಅಂತ ನಾ ಬರದ್ನೆಪಾ ಅಂದ್ರ, ಬಾಗಲ ಮುಚ್ಚಿಬಿಡ್ತಾರ." ಬಸಿಯಲ್ಲಿ ಉಳಿದದ್ದನ್ನು ಹೀರಿ ಕಪ್ಪು ಕೆಳಗಿಟ್ಟರು. "ನಿಮ್ಮದು ಸಾಫ್ ಅದ. ಓಣ್ಯಾಗ ಇಬ್ಬರ ಹಂತ್ಯಾಕ ಕೇಳಿ ಬರ್ತೀನಿ. ಗಾಡಿ ಇಲ್ಲೇ ಇರ್ಲಿ."

ಅವರು ಹೋದರು. ಅಜ್ಜಿ ತನ್ನ ಕಡೆ ನೋಡುತ್ತಾಳೆ, ನೋಡಿ ಏನಾದರೂ ಅನ್ನುತ್ತಾಳೆ ಎಂದು ಪ್ರಾಜಕ್ತಾ ಕಾದಳು. ಬೈದರೆ ಸಾಕಿತ್ತು. ಬೇಕಿರಲಿಲ್ಲ, ಇದು ಯಾವುದೂ ಬೇಕಿರಲಿಲ್ಲ. ಆ ಕಿಟಕಿಯ ಮುಂದೆ, ಇಗೋ ಮುಂದೆ ಬಾಸಿಂಗ ಕಟ್ಟಿಕೊಂಡು ನಿಂತವನೇ ಮಾಮಾ ಎಂದು ಬೆರಳಿಟ್ಟು ತೋರಿಸಿದ್ದರೆ, ಮುತ್ತಿನ ಓಲೆಯ ಹೆಂಗಸೂ ಬಹುಶಃ ನಗುತ್ತಿದ್ದಳು. ಸ್ವಪ್ನಿಲನ ಮೇಲೆ 'ಎಲ್ಲ ಅವನಿಂದ' ಎಂದು ಸಿಟ್ಟು ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಸ್ವಪ್ನಿಲ ಕಲಿಸಿರಲಿಲ್ಲ.

ಗುರುಬಾಯಿ ಮೊರ ಬದಿಗಿಟ್ಟು, ಗೋಡೆ ಹಿಡಿದು ಎದ್ದು, ಅಂಗಳಕ್ಕೆ ಹೋದಳು. ನೀರಿನ ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಉಟ್ಟ ಸೀರೆಯಲ್ಲಿಯೇ ಕುಳಿತಳು. ತುರುಬು ಬಿಚ್ಚಿದಳು. ಬಿಳಿಯ ಕೂದಲು ಇಷ್ಟು ತೆಳ್ಳಗಿದೆಯೆಂದು ಪ್ರಾಜಕ್ತಾಳಿಗೆ ಗೊತ್ತಿರಲಿಲ್ಲ.

"ನೀರ ಹಾಕ ಬಾ."

"ಮುಂಜಾನೆ ಜಳಕಾ ಮಾಡೀಯಲ್ಲ ಆಯಿ?"

"ತೆಲಿ ಮ್ಯಾಲ ಹಾಕು."

"ಯಾಕ?"

"ಸತ್ತ ಸುದ್ದಿ ಬಂದ ಮ್ಯಾಲ ಮೈ ಮುಟ್ಟಿಸ್ಕೊಂಡ ಕುಂಡ್ರತಾರೇನ ಯಾರರೆ?" ಎಂದಳು ಅಜ್ಜಿ, ಸಿಟ್ಟಿಲ್ಲದೆ, ಸಣ್ಣ ಮಗುವಿಗೆ ತಿಳಿಹೇಳುವ ಹಾಗೆ. "ಹಾಕ, ಬಿಸಲ ಇಳೀತದ."

ಪ್ರಾಜಕ್ತಾ ಚೆಂಬು ತುಂಬಿ ಸುರಿದಳು. ನೀರು ನೆತ್ತಿಯಿಂದ ಇಳಿದು, ಕುತ್ತಿಗೆಯ ಸುಕ್ಕುಗಳಲ್ಲಿ ದಾರಿ ಹುಡುಕಿ, ಸೀರೆಗೆ ಅಂಟಿತು. ಅಜ್ಜಿ ಅಳುತ್ತಿರಲಿಲ್ಲ, ಕಣ್ಣು ಮುಚ್ಚಿ, ಬಾಯಿಂದ ಉಸಿರು ಬಿಡುತ್ತ, ಪ್ರತಿ ಚೆಂಬಿಗೂ ಮೈ ಕೊಡುತ್ತಿದ್ದಳು. ಅವ್ವ ಹೋದ ದಿನ ಇದೇ ಕಲ್ಲಿನ ಮೇಲೆ ಹೀಗೆಯೇ ಕುಳಿತಿದ್ದಳೇ, ಆಗ ನೀರು ಹಾಕಿದವರು ಯಾರು, ತನ್ನನ್ನು ಆಗ ಯಾರು ಎತ್ತಿಕೊಂಡಿದ್ದರು? ಮಾಮಾ ಇರಬೇಕು. ಬೇರೆ ಯಾರಿದ್ದರು ಮನೆಯಲ್ಲಿ. ತಾನೇ ಇನ್ನೂ ಹುಡುಗ, ಅಕ್ಕನನ್ನು ಕಳೆದುಕೊಂಡವನು, ಅಳುವ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಈ ಬೇವಿನ ಗಿಡದ ಸುತ್ತ ತಿರುಗಿದ್ದಾನು. ಅವನನ್ನು ಇಲ್ಲ ಎಂದಿದ್ದಳು. ಚೆಂಬು ಅವಳ ಕೈಯಲ್ಲಿ ಭಾರವಾಯಿತು.

ಬೇವಿನ ನೆರಳಿನಲ್ಲಿ ಹೆಜ್ಜೆಯ ಸದ್ದಾಯಿತು. ವಕೀಲರು ದೂರದಿಂದಲೇ ಮಾತಾಡುತ್ತ ಬಂದರು. "ಎಲ್ಲಾ ಹೊಂದಿತ್ರಿ. ಎದರ ಮನಿ ಬಾಯಿ ಅಂತೂ ಭಾಳ ನಗಸಿದ್ರು. ರಿಪೋರ್ಟ ಚಲೋ ಹೋಗ್ತದ, ಕಾಳಜಿ ಮಾಡಬ್ಯಾಡ್ರಿ—" ಹೆಲ್ಮೆಟಿಗೆ ಕೈ ಹಾಕಿದವರು ಅಲ್ಲಿಯೇ ನಿಂತರು. ನಡುಮಧ್ಯಾಹ್ನ, ಉಟ್ಟ ಬಟ್ಟೆಯಲ್ಲಿ, ಕೂದಲು ಬಿಚ್ಚಿ, ತಲೆಯ ಮೇಲೆ ನೀರು ಹಾಕಿಸಿಕೊಳ್ಳುತ್ತಿರುವ ಮುದುಕಿ. ಈ ಕಡೆಯವರು ಯಾರೇ ಆದರೂ ಅದನ್ನು ಜಳಕ ಎಂದು ತಿಳಿಯುತ್ತಿರಲಿಲ್ಲ. ಅವರ ದನಿ ತಾನಾಗಿ ಇಳಿಯಿತು. ಚಪ್ಪಲಿ ಬಿಟ್ಟರು.

"ಯಾರ್ರಿ? ಯಾರ ಹೋದ್ರು?"

ಗುರುಬಾಯಿ ಕಣ್ಣು ತೆರೆದಳು. ಮುಖದ ನೀರನ್ನು ಅಂಗೈಯಿಂದ ಒರೆಸಿ, ಬೆನ್ನು ನೆಟ್ಟಗೆ ಮಾಡಿದಳು. ಪ್ರಾಜಕ್ತಾಳಿಗೆ ಆ ಬೆನ್ನು ಗೊತ್ತಿತ್ತು. "ನಮ್ಮ ತವರಮನಿ ಕಡಿ ಒಬ್ಬಾಕಿ ಇದ್ಳರಿ..." ಎಂದು ಶುರು ಮಾಡಿದಳು. ದನಿಯೂ ಚೆನ್ನಾಗಿಯೇ ಇತ್ತು. ಆದರೆ ಮಾತು ಅಲ್ಲಿಯೇ ನಿಂತು, ಕಾಯಿತು. ವಕೀಲರು ತಲೆ ಬಾಗಿಸಿ ನಿಂತಿದ್ದರು, ಹೂಂ ಅನ್ನುವುದನ್ನು ಮರೆತಿದ್ದರು. ಅಜ್ಜಿಯ ತುಟಿ ಇನ್ನೊಂದು ಮಾತಿಗೆ ತೆರೆದುಕೊಂಡು, ಹಾಗೆಯೇ ಉಳಿಯಿತು.

ದೂರದ ಊರಿನ ಕೋಣೆಯೊಂದು ಪ್ರಾಜಕ್ತಾಳ ಕಣ್ಣ ಮುಂದೆ ಒಂದು ಸಲ ಪೂರ್ತಿಯಾಗಿ ಬಂದಿತು, ಅದರ ಕಿಟಕಿ, ಅದರ ಬಿಳಿಯ ಗೋಡೆ. ಆ ಗೋಡೆಗೆ ಮೊಳೆ ಇರಲಿಲ್ಲ.

ಚೆಂಬನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟಳು.

"ನಮ್ಮವ್ವ್ರಿ," ಎಂದಳು. "ರೇವಮ್ಮ. ಇವರ ಮಗಳು."

ವಕೀಲರು ತಲೆ ಎತ್ತಿ ಅವಳನ್ನೂ, ಕಲ್ಲಿನ ಮೇಲೆ ಕುಳಿತವಳನ್ನೂ, ತೆರೆದ ಬಾಗಿಲಿನಾಚೆ ಕಾಣುವ ಗೋಡೆಯನ್ನೂ ನೋಡಿದರು. ಅವರು ಹೂಂ ಅನ್ನಲಿಲ್ಲ.

ಹೂಂ ಎಂದವಳು ಗುರುಬಾಯಿ.